ಬಿದ್ದ ಹಾಳೆ, ತಲೆಗೆ ಮುಟ್ಟಾಳೆ

ಜಾಲ್ಸೂರು. ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುವ ಊರು. ಸುತ್ತ ಅಡಿಕೆ ತೋಟ.

'ದೊಪ್ಪ್' ಅಂತ ಬಿತ್ತಲ್ಲ, ಅದೇ ಹಾಳೆ. ಸೋಗೆಯ ಬುಡ, ನಿನ್ನೆವರೆಗೆ ಮರದ ಕೊರಳು ಸುತ್ತಿಕೊಂಡಿತ್ತು. ಒಣಗಿದ್ದನ್ನು ಹಾಗೇ ಮಡಚಿದರೆ ಸೀಳುತ್ತದೆ. ನೀರಲ್ಲಿ ನೆನೆಹಾಕಿ. ಈಗ ನೋಡಿ, ಚರ್ಮದ ಹಾಗೆ ಬಾಗುತ್ತದೆ! ಅಂಚು ಮಡಚಿ, ಹೊಲಿದರೆ ಮುಟ್ಟಾಳೆ ಎಂಬ ಟೋಪಿ. ಹೊರೆಗೆ ಆಸರೆ, ಬಿಸಿಲಿಗೆ ತಂಪು. ಬಾಳೆಗೊನೆಯ ಸೊನೆ ಕೂದಲಿಗೆ ಅಂಟದು.

ತುಳುವರ ಆಟಿ ತಿಂಗಳ ಮಳೆಯಲ್ಲಿ ಮನೆಮನೆಗೆ ಬರುವ ಜನಪದ ವೇಷ ಆಟಿ ಕಳೆಂಜನ ತಲೆಯಲ್ಲೂ ಹಾಳೆಯೇ. ಸೊಂಟಕ್ಕೆ ತೆಂಗಿನ ಎಳೆಗರಿ, ಕೈಯಲ್ಲಿ ಓಲೆಕೊಡೆ.

ಈಗ ಹಾಳೆ ಯಂತ್ರದ ಬಿಸಿ ಅಚ್ಚಿಗೆ ಬಿದ್ದು ಮದುವೆಮನೆಯ ತಟ್ಟೆಯಾಗುತ್ತದೆ. ಮುಟ್ಟಾಳೆ? ವೇದಿಕೆಯಲ್ಲಿ ಅತಿಥಿಗಳಿಗೆ ತೊಡಿಸುತ್ತಾರೆ. ಫೋಟೊ ಮುಗಿಯಿತೋ, ತೆಗೆದು ಕುರ್ಚಿಯ ಕೆಳಗೆ!