ವಿದ್ಯೆಗೆ ಪಂಕ್ತಿಭೇದವೆಲ್ಲಿಯದು?

ವಿದ್ಯಾವಂತನಿಗೆ ಎಲ್ಲೆಡೆಯೂ ಮನ್ನಣೆಯುಂಟೆಂದು ನಾವೆಲ್ಲರೂ ಬಾಲ್ಯದಲ್ಲಿ ಬಾಯಿಪಾಠ ಮಾಡಿದವರೇ. ಆದರೆ ವಿದ್ಯೆಯನ್ನು ಕಂಡೂ ಬಾಗಿಲು ತೆರೆಯದ ಮನೆಗಳು ಲೋಕದಲ್ಲಿ ಎಷ್ಟೋ ಉಂಟು. ಅಂತಹ ಬಾಗಿಲೊಂದನ್ನು ತನಗಾಗಿ ಮಾತ್ರವಲ್ಲದೆ ತನ್ನವರೆಲ್ಲರಿಗಾಗಿಯೂ ತೆರೆಯಿಸಿದ ಅಮೆರಿಕಾದ ವಾದ್ಯಗಾರರೊಬ್ಬರ ಚರಿತ್ರೆಯನ್ನು ಈ ದಿನ ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ವಿಲಿಯಂ ಮಾರ್ಸೆಲ್ ಕಾಲೆಟ್ಟರು 1921ನೆಯ ಇಸವಿ ಆಗಸ್ಟ್ 6ರಂದು ಲಾಸ್ ಏಂಜಲೀಸ್ ನಗರದಲ್ಲಿ, ಕಪ್ಪು ಜನಾಂಗದ ಕುಟುಂಬವೊಂದರಲ್ಲಿ ಜನಿಸಿ, ಅಲ್ಲಿಯ ವಾಟ್ಸ್ ಎಂಬ ಪ್ರದೇಶದಲ್ಲಿ ಬೆಳೆದರು. ಗೆಳೆಯರ ಬಾಯಲ್ಲಿ ಅವರು 'ಬಡ್ಡಿ' ಕಾಲೆಟ್. ಜಾಝ್ ಸಂಗೀತದಲ್ಲಿ ಮುಂದೆ ಮಹಾಕೀರ್ತಿ ಪಡೆದ ಚಾರ್ಲ್ಸ್ ಮಿಂಗಸರನ್ನು ಚೆಲ್ಲೋ ಬಿಡಿಸಿ ಬೇಸ್ ವಾದ್ಯಕ್ಕೆ ಹಚ್ಚಿದವರಲ್ಲಿ ಈ ಬಾಲ್ಯಸ್ನೇಹಿತರೇ ಮುಖ್ಯರು. ಎರಡನೆಯ ಮಹಾಯುದ್ಧದಲ್ಲಿ ಕಾಲೆಟ್ಟರು ನೌಕಾಪಡೆಯ ವಾದ್ಯವೃಂದದಲ್ಲಿದ್ದು, ತರುವಾಯ ಸ್ವಸ್ಥಳಕ್ಕೆ ಹಿಂದಿರುಗಿ ಸಂಗೀತಶಾಸ್ತ್ರವನ್ನು ಕ್ರಮವಾಗಿ ಅಭ್ಯಸಿಸಿದರು.

ಸ್ಯಾಕ್ಸೊಫೋನ್, ಕ್ಲಾರಿಯೊನೆಟ್, ಕೊಳಲು ಈ ಮೂರೂ ಅವರಿಗೆ ಕರಗತವಾಗಿದ್ದುವು. ಇದು ಸಾಮಾನ್ಯವಾದ ಸಾಧನೆಯಲ್ಲ. ಮೊದಲೆರಡರಲ್ಲಿ ಜೊಂಡಿನ ತೆಳುಪಟ್ಟಿಯನ್ನು ಬಾಯಲ್ಲಿ ಹಿಡಿದು ಊದತಕ್ಕದ್ದು. ಕೊಳಲಿನಲ್ಲಿ ತುಟಿಯೇ ಎಲ್ಲವೂ. ಒಂದಕ್ಕೆ ಒಗ್ಗಿದ ಬಾಯಿ ಮತ್ತೊಂದಕ್ಕೆ ಸುಲಭವಾಗಿ ಒಗ್ಗದು. ಆದರೆ ಸ್ಟುಡಿಯೋ ಕೆಲಸಕ್ಕೆ ಇಂತಹವರೇ ಬೇಕು. ಎಂದೂ ನೋಡದ ಸ್ವರಲಿಪಿಯನ್ನು ಮುಂದಿಟ್ಟೊಡನೆ ತಪ್ಪಿಲ್ಲದೆ ನುಡಿಸಬೇಕು. ಒಂದೇ ಕೃತಿಯ ನಡುವೆ ವಾದ್ಯವನ್ನು ಬದಲಿಸಬೇಕು.

ಆದರೂ ಹಾಲಿವುಡ್ಡಿನ ಸ್ಟುಡಿಯೋಗಳು ಕಪ್ಪು ವಾದ್ಯಗಾರರನ್ನು ಕರೆಯುತ್ತಿದ್ದುದು ಅತಿವಿರಳ. ಒಂದೇ ಊರಿನಲ್ಲಿ ವಾದ್ಯಗಾರರ ಸಂಘಗಳು ಎರಡು: ಬಿಳಿಯರಿಗೆ 47ನೆಯದು, ಕಪ್ಪು ಜನರಿಗೆ 767ನೆಯದು. ಲಾಭದ ಕೆಲಸಗಳೆಲ್ಲವೂ ಮೊದಲನೆಯದರ ಪಾಲು. ಕಪ್ಪು ಜನರಿಗೆ ಸ್ವರಲಿಪಿ ಓದಲು ಬಾರದೆಂಬುದೊಂದು ನೆಪ. ವಿದ್ಯೆ ಕಲಿಯುವ ಎಡೆಗಳಿಂದ ದೂರವಿರಿಸಿ, ಬಳಿಕ ವಿದ್ಯೆಯಿಲ್ಲವೆಂದು ಹಳಿಯುವ ಈ ನ್ಯಾಯವು ನಮ್ಮ ವಾಚಕರಿಗೆ ಅಪರಿಚಿತವೇನೂ ಅಲ್ಲ.

ಕಾಲೆಟ್ಟರು ಇದಕ್ಕೆ ಉಪನ್ಯಾಸಗಳಿಂದ ಉತ್ತರ ಕೊಡಲಿಲ್ಲ. ಎರಡೂ ಜನಾಂಗದ ಸಮಾನಮನಸ್ಕರೊಡನೆ ಸೇರಿ, ಒಂದೇ ಸಾಲಿನಲ್ಲಿ ಕುಳಿತು ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳನ್ನು ನುಡಿಸುವ ವಾದ್ಯವೃಂದವೊಂದನ್ನು ಕಟ್ಟಿದರು. ನೆಪವು ಅಲ್ಲಿಯೇ ಸುಳ್ಳಾಯಿತು. ಜೆರಿ ಫೀಲ್ಡಿಂಗ್ ಎಂಬ ಬಿಳಿಯ ಸಂಗೀತ ನಿರ್ದೇಶಕರು, ಗ್ರೌಚೊ ಮಾರ್ಕ್ಸರ ಜನಪ್ರಿಯ ರೇಡಿಯೋ ಮತ್ತು ಟೆಲಿವಿಷನ್ ಕಾರ್ಯಕ್ರಮದ ವಾದ್ಯವೃಂದಕ್ಕೆ ಕಾಲೆಟ್ಟರನ್ನು ಕರೆದುಕೊಂಡರು. ತನಗೆ ಎಲೆ ಬಿದ್ದಿತೆಂದು ಸುಮ್ಮನೆ ಉಂಡೇಳುವವರು ಬಹುಮಂದಿ. ಕಾಲೆಟ್ಟರು ಹಾಗೆ ಮಾಡಲಿಲ್ಲ. ಕಾನೂನು ಕಲಿತ ಪಿಯಾನೋ ವಾದಕ ಮಾರ್ಲ್ ಯಂಗ್ ಮೊದಲಾದವರೊಡನೆ ವರ್ಷಗಟ್ಟಲೆ ಶ್ರಮಿಸಿದರು. ತಮ್ಮ ಸಂಘವು ದೊಡ್ಡದರಲ್ಲಿ ಕರಗಿಹೋದರೆ ಇರುವ ಮನೆಯೂ ಹೋದೀತೆಂದು ಅಂಜಿದ ಸ್ವಜನರನ್ನೂ ಒಲಿಸಬೇಕಾಯಿತು. ಕಡೆಗೆ 1953ನೆಯ ಇಸವಿ ಏಪ್ರಿಲ್ 1ರಂದು ಎರಡು ಸಂಘಗಳೂ ಒಂದಾದುವು. ಚಿಕಾಗೊ ನಗರದಲ್ಲಿ ಇಂತಹ ಐಕ್ಯವು 1966ರವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ ಈ ಕಾರ್ಯದ ಹಿರಿಮೆ ತಿಳಿಯುವುದು.

1955ರಲ್ಲಿ ಚಿಕೊ ಹ್ಯಾಮಿಲ್ಟನ್ನರ ಪಂಚವಾದ್ಯ ಮೇಳವನ್ನು ಸೇರಿ, ಕೊಳಲು ಚೆಲ್ಲೋಗಳ ಅಪೂರ್ವ ಮೇಳನದಿಂದ ಕಾಲೆಟ್ಟರು ದೇಶಪ್ರಸಿದ್ಧರಾದರು. ಫ್ರಾಂಕ್ ಸಿನಾತ್ರಾರಂತಹ ಗಾಯಕರ ಧ್ವನಿಮುದ್ರಣಗಳಲ್ಲಿಯೂ ಅವರು ನುಡಿಸಿದರು. ಎರಿಕ್ ಡಾಲ್ಫಿ, ಚಾರ್ಲ್ಸ್ ಲಾಯ್ಡ್, ಜೇಮ್ಸ್ ನ್ಯೂಟನ್ ಇವರೆಲ್ಲರೂ ಅವರ ಶಿಷ್ಯರು. 1998ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ವಾದ್ಯವನ್ನು ಕೆಳಗಿಡಬೇಕಾಯಿತು. 2010ರ ಸೆಪ್ಟೆಂಬರ್ 19ರಂದು 89ನೆಯ ವಯಸ್ಸಿನಲ್ಲಿ ದೈವಾಧೀನರಾದರು.

ಸ್ಟುಡಿಯೋ ವಾದ್ಯಗಾರನ ಹೆಸರನ್ನು ಕೇಳುಗರು ಅರಿಯರು. ಅವನ ಉಸಿರು ಅನ್ಯರ ಹಾಡಿನಲ್ಲಿ ಬೆರೆತು ಮರೆಯಾಗುವುದು. ಕಾಲೆಟ್ಟರ ಹೋರಾಟವೂ ಹಾಗೆಯೇ ಪರರ ಜೀವನದಲ್ಲಿ ಬೆರೆತುಹೋಯಿತು. ವಿದ್ಯೆಯಿಂದ ತಾನೊಬ್ಬನೇ ಮೇಲೇರುವುದು ಜಾಣತನ. ಏರಿದ ಏಣಿಯನ್ನು ಹಿಂದಿನವರಿಗಾಗಿ ಹಿಡಿದು ನಿಲ್ಲುವುದು ದೊಡ್ಡತನ. ಇವೆರಡರಲ್ಲಿ ನಾವು ಮಕ್ಕಳಿಗೆ ಯಾವುದನ್ನು ಕಲಿಸುತ್ತಿರುವೆವೆಂಬುದನ್ನು ವಾಚಕರು ಆಲೋಚಿಸಬೇಕಾಗಿ ಬೇಡುತ್ತೇವೆ.