ಕಡಲ ತೊಟ್ಟಿಲು

ಮುಂಗಾರಿನ ಮೋಡಗಳು ಪಡುವಣ ಕಡಲಿನ ಮೇಲೆ ಕವಿದವೆಂದರೆ ಮಂಗಳೂರು, ಮಲ್ಪೆ, ಕಾರವಾರಗಳ ಬಂದರುಗಳಲ್ಲಿ ಯಂತ್ರದೋಣಿಗಳು ಸಾಲುಸಾಲಾಗಿ ಲಂಗರು ಹಾಕಿ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಅವು ಕಡಲಿಗಿಳಿಯಬಾರದೆಂದು ಸರಕಾರದ ಕಟ್ಟಳೆ. ದಡದಲ್ಲಿ ನಿಂತವರ ಕಣ್ಣಿಗೆ ಆಗ ಕಾಣುವುದು ಕೆರಳಿದ ತೆರೆಗಳು ಮಾತ್ರ. ಆದರೆ ಆ ತೆರೆಗಳ ಮರೆಯಲ್ಲಿ, ಯಾರೂ ನೋಡದ ವೇಳೆಯಲ್ಲಿ, ಕರಾವಳಿಯ ಸಾವಿರಾರು ಮನೆಗಳಿಗೆ ಅನ್ನವಾಗಬೇಕಾದ ಜೀವರಾಶಿ ಜನ್ಮ ತಾಳುತ್ತಿರುತ್ತದೆ.

ಮಳೆಗಾಲದ ಮಗು

ಮಂಗಳೂರಿನವರು ಬೂತಾಯಿ ಎಂದೂ, ಕುಂದಾಪುರದವರು ಬೈಗೆ ಎಂದೂ, ಕಾರವಾರದವರು ತಾರ್ಲೆ ಎಂದೂ ಕರೆಯುವ ಮೀನು ಒಂದೇ. ಕೇರಳದಲ್ಲಿ ಅದಕ್ಕೆ ಮತ್ತಿ ಎಂದು ಹೆಸರು. ಬಡವನ ತಟ್ಟೆಗೂ ನಿಲುಕುವ ಈ ಬೆಳ್ಳಿಯ ಬಣ್ಣದ ಪುಟ್ಟ ಮೀನಿನ ಮೈತುಂಬ ಎಣ್ಣೆ. ಆ ಎಣ್ಣೆಯನ್ನು ಹಿಂದೆ ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಹಿಂಡಿದ ಮೇಲೆ ಉಳಿದ ಚರಟ ತೋಟಗಳಿಗೆ ಗೊಬ್ಬರವಾಗುತ್ತಿತ್ತು.

ಈ ಎಣ್ಣೆಯ ಮೂಲವಿರುವುದು ಮಳೆಗಾಲದ ಗಾಳಿಯಲ್ಲಿ. ನೈಋತ್ಯ ಮಾರುತವು ಬೀಸಿದಾಗ ಮೇಲ್ಗಡೆಯ ನೀರು ತೀರದಿಂದ ಆಚೆಗೆ ಸರಿದು, ಆಳದ ತಂಪುನೀರು ಮೇಲಕ್ಕೇಳುತ್ತದೆ. ಅದರೊಡನೆ ತಳದ ಸಾರವೂ ಮೇಲೆ ಬಂದು, ಬರಿಗಣ್ಣಿಗೆ ಕಾಣದ ತೇಲುಸಸ್ಯಗಳು ಕೋಟಿಗಟ್ಟಲೆ ಹುಲುಸಾಗಿ ಬೆಳೆಯುತ್ತವೆ. ಬೂತಾಯಿಯ ಕಿವಿರುಗಳಲ್ಲಿರುವ ನವುರಾದ ಎಳೆಗಳು ಜರಡಿಯಂತೆ ಆ ಸಸ್ಯಗಳನ್ನು ಸೋಸಿ ಹೊಟ್ಟೆಗೆ ಕಳುಹಿಸುತ್ತವೆ. ಅಂದರೆ ಕಡಲಿನ ಹುಲ್ಲುಗಾವಲು ಚಿಗುರುವ ಹೊತ್ತಿಗೇ ಬೂತಾಯಿಯ ಹೆರಿಗೆಯ ಕಾಲವೂ ಕೂಡಿಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ತೀರದಿಂದ ದೂರದ ನೀರಿನಲ್ಲಿ, ಹೆಣ್ಣುಗಳು ಮೊಟ್ಟೆಗಳನ್ನೂ ಗಂಡುಗಳು ವೀರ್ಯವನ್ನೂ ನೀರಿಗೇ ಬಿಡುತ್ತವೆ. ತಾಯಿಯ ಒಡಲಿನ ಹೊರಗೇ ಅವು ಒಂದನ್ನೊಂದು ಕೂಡಬೇಕು. ಒಂದೊಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ಹೊರುತ್ತದೆ. ಸಾಸಿವೆಯ ಗಾತ್ರದ, ಗಾಜಿನಂತೆ ಪಾರದರ್ಶಕವಾದ ಮೊಟ್ಟೆಯೊಳಗೆ ಎಣ್ಣೆಯ ಒಂದು ಬಿಂದು. ಮೊಟ್ಟೆ ತೇಲಲು ಅದೂ ನೆರವಾಗುತ್ತದೆ. ಸುಮಾರು ಒಂದು ದಿನದಲ್ಲಿ ಮರಿ ಹೊರಬೀಳುತ್ತದೆ. ಆಮೇಲೆ ತಂದೆತಾಯಿಗಳ ರಕ್ಷಣೆಯಿಲ್ಲ. ತನ್ನೊಡನೆ ತಂದ ಬುತ್ತಿ ಮುಗಿಯುವುದರೊಳಗೆ ಮೇವು ದೊರೆತರೆ ಬದುಕು, ಇಲ್ಲವಾದರೆ ಸಾವು. ಸಾವಿರಾರು ಮರಿಗಳಲ್ಲಿ ದೊಡ್ಡವಾಗಿ ಬೆಳೆಯುವವು ಬೆರಳೆಣಿಕೆಯಷ್ಟು.

ಈ ಹೆರಿಗೆಗೆ ಮಳೆಯೂ ಸಾಕ್ಷಿಯಾಗಬೇಕು. 1960ರ ದಶಕದಲ್ಲಿ ಬೂತಾಯಿಯನ್ನು ಅಭ್ಯಾಸ ಮಾಡಿದ ವಿಜ್ಞಾನಿ ಆಂಟನಿ ರಾಜಾ ಅವರು ಕುತೂಹಲಕರವಾದ ಸಂಗತಿಯೊಂದನ್ನು ಕಂಡರು. ಹೆರಿಗೆಯ ತಿಂಗಳುಗಳಲ್ಲಿ ಮಳೆ ಕೈಕೊಟ್ಟರೆ, ಬಲಿಯುತ್ತಿದ್ದ ಮೊಟ್ಟೆಗಳು ಹೊರಬೀಳದೆ ಹೆಣ್ಣಿನ ಒಡಲಲ್ಲೇ ಕರಗಿಹೋಗುತ್ತವೆ! ಮಳೆ ತಪ್ಪಿದರೆ ಗದ್ದೆಯಲ್ಲಿ ಪೈರಿಗೆ ಬಂದ ಗತಿಯೇ ಕಡಲಿನ ಬೆಳೆಗೂ ಬರುತ್ತದೆಂದಾಯಿತು.

ಬೂತಾಯಿಯ ಆಯುಷ್ಯ ಎರಡು ಮೂರು ವರ್ಷ ಮಾತ್ರ. ಸುಮಾರು 15 ಸೆಂಟಿಮೀಟರು ಉದ್ದಕ್ಕೆ ಬೆಳೆದು, ಒಂದು ವರ್ಷ ತುಂಬುವ ಹೊತ್ತಿಗೆ ಅದು ಪ್ರಾಯಕ್ಕೆ ಬರುತ್ತದೆ. ಹಾಗಾಗಿ ಕೂಡಿಟ್ಟ ಹಳೆಯ ಗಂಟು ಅದರ ಕುಲಕ್ಕಿಲ್ಲ. ಒಂದು ಮಳೆಗಾಲ ಕೆಟ್ಟರೆ ಮುಂದಿನ ಬಲೆ ಬರಿದು; ಒಂದು ಮಳೆಗಾಲ ಒಲಿದರೆ ಮತ್ತೆ ಸಮೃದ್ಧಿ. ಈ ಮೀನು ಹೇರಳವಾಗಿ ಸಿಗುವ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಬಂದದ್ದು 3,297 ಟನ್! ಇನ್ನು ಅದರ ಕಥೆ ಮುಗಿಯಿತೆಂದು ಹಲವರು ನಿಟ್ಟುಸಿರಿಟ್ಟರು. ಆದರೆ 2023ರಲ್ಲಿ ಅದು ಮತ್ತೆ 1 ಲಕ್ಷ ಟನ್ನಿನ ಗಡಿಯನ್ನು ದಾಟಿತು. ಅಗಣಿತ ಮೊಟ್ಟೆಗಳನ್ನಿಡುವ ಮೀನಿನ ಭಾಗ್ಯವೇ ಅದು: ಬೇಗ ಬೀಳುತ್ತದೆ, ಬೇಗ ಏಳುತ್ತದೆ.

ಬಾಯಲ್ಲಿ ತೊಟ್ಟಿಲು ಹೊತ್ತ ತಂದೆ

ಅದೇ ಕಡಲಿನಲ್ಲಿ ಇನ್ನೊಂದು ಬಗೆಯ ಸಂಸಾರವೂ ಉಂಟು. ಮೀಸೆಯುಳ್ಳ, ಹುರುಪೆಯಿಲ್ಲದ ನುಣುಪು ಮೈಯ ತೇಡೆ ಮೀನಿನ ಮೊಟ್ಟೆಗಳು ಬಲು ದೊಡ್ಡವು. ಒಂದೊಂದೂ 1 ಸೆಂಟಿಮೀಟರಿಗೂ ಮಿಗಿಲು ದಪ್ಪ. ಸಂಖ್ಯೆಯೋ ಬಲು ಕಡಿಮೆ. ಬೂತಾಯಿ ಹತ್ತಾರು ಸಾವಿರ ಮೊಟ್ಟೆಗಳನ್ನಿಡುವಲ್ಲಿ ತೇಡೆಯದು ನೂರರ ಆಸುಪಾಸು.

ಈ ಕೊರತೆಯನ್ನು ತುಂಬಿಕೊಡುವುದು ತಂದೆಯ ವಾತ್ಸಲ್ಯ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ತನ್ನ ಬಾಯೊಳಗೆ ತುಂಬಿಕೊಳ್ಳುತ್ತದೆ. ವಾರಗಟ್ಟಲೆ, ಮರಿಗಳು ಒಡೆದು ಬಂದು ಸ್ವಂತವಾಗಿ ಈಜಬಲ್ಲಷ್ಟು ಬೆಳೆಯುವವರೆಗೂ, ಅದು ಅವನ್ನು ಬಾಯಲ್ಲೇ ಹೊತ್ತು ತಿರುಗುತ್ತದೆ. ಬಾಯ ತುಂಬ ಮಕ್ಕಳಿರುವಾಗ ತುತ್ತು ನುಂಗುವುದೆಂತು? ಅಷ್ಟು ದಿನವೂ ಅದಕ್ಕೆ ಉಪವಾಸವೇ.

1970ರ ದಶಕದಲ್ಲಿ ಕರ್ನಾಟಕದ ತೀರಕ್ಕೆ ಪರ್ಸೀನ್ ಬಲೆ ಬಂದಿತು. ಅಲ್ಲಿಯವರೆಗೆ ಊರವರೆಲ್ಲ ಕೂಡಿ ದಡದಿಂದ ಎಳೆಯುತ್ತಿದ್ದ ರಂಪಣಿಯು ತನ್ನ ಬಳಿ ಬಂದ ಮೀನನ್ನು ಮಾತ್ರ ಹಿಡಿಯುತ್ತಿತ್ತು. ಹೊಸ ಬಲೆಯಾದರೋ ಹಿಂಡನ್ನು ಹುಡುಕಿಕೊಂಡು ಹೋಗಿ, ಸುತ್ತುವರಿದು, ಚೀಲದ ಬಾಯಿಯಂತೆ ತಳವನ್ನು ಬಿಗಿದು ಎತ್ತುವಂಥದು. 1980ರ ಸುಮಾರಿಗೆ ಮೊಟ್ಟೆ ಹೊತ್ತ ತೇಡೆಗಳ ಹಿಂಡುಗಳೇ ಅದರೊಳಗೆ ಸಿಕ್ಕಿದವು. ಬಲೆಯಲ್ಲಿ ಉಸಿರುಗಟ್ಟಿದ ತಂದೆ ಮೀನುಗಳ ಬಾಯಿಂದ ಮೊಟ್ಟೆಗಳು ರಾಶಿರಾಶಿಯಾಗಿ ಉದುರಿ ನಾಶವಾದವು. ಒಂದೇ ಎಳೆತಕ್ಕೆ ಎರಡು ತಲೆಮಾರುಗಳು ಹೋದವು. ವಿಜ್ಞಾನಿಗಳು ಆಗಲೇ ಎಚ್ಚರಿಕೆಯ ಮಾತನ್ನಾಡಿದರು. ಆದರೂ ಹೇರಳವಾಗಿದ್ದ ತೇಡೆಯ ಬೆಳೆ ಕುಸಿಯಿತು. ಬೂತಾಯಿಯಂತೆ ಎರಡೇ ವರ್ಷಗಳಲ್ಲಿ ಎದ್ದು ಬರುವ ಶಕ್ತಿ ಅದಕ್ಕಿರಲಿಲ್ಲ.

ಒಂದು ಸಲವಾದರೂ

ಎಲ್ಲ ಮೀನಿಗೂ ಒಂದೇ ಕಟ್ಟಳೆ ಸಾಲದೆಂಬುದಕ್ಕೆ ಈ ಎರಡು ಸಂಸಾರಗಳೇ ನಿದರ್ಶನ. ಎರಡು ತಿಂಗಳ ರಜೆ ಬೂತಾಯಿಯ ಹೆರಿಗೆಯನ್ನು ಒಂದಿಷ್ಟು ಕಾಯುತ್ತದೆ. ಆದರೆ ಆ ರಜೆ ಮುಗಿದ ಮೇಲೂ ಅದರ ಹೆರಿಗೆ ಮುಗಿದಿರುವುದಿಲ್ಲ. 10 ಸೆಂಟಿಮೀಟರಿಗಿಂತ ಕಿರಿದಾದ ಬೂತಾಯಿಯನ್ನು ಹಿಡಿಯಬಾರದೆಂದು ಕೇರಳವು ನಿಯಮ ಮಾಡಿದೆ. ಅದು ಮೆಚ್ಚತಕ್ಕದ್ದೇ. ಆದರೆ 15 ಸೆಂಟಿಮೀಟರಿಗೆ ಪ್ರಾಯಕ್ಕೆ ಬರುವ ಮೀನು 10 ಸೆಂಟಿಮೀಟರಿನಲ್ಲಿ ಇನ್ನೂ ಮಗುವೇ ಅಲ್ಲವೇ?

ಮೀನು ಹಿಡಿಯದೆ ಕರಾವಳಿ ಬದುಕಲಾರದು. ಹಿಡಿಯುವ ಮುನ್ನ ಒಂದು ಸಲವಾದರೂ ಮೊಟ್ಟೆಯಿಡಲು ಬಿಡಬೇಕೆಂಬುದಷ್ಟೇ ಕಡಲಿನ ಲೆಕ್ಕ. ಬಿತ್ತನೆಯ ಬೀಜವನ್ನು ಕುಟ್ಟಿ ಉಂಡ ರೈತನಿಗೆ ಮುಂದಿನ ಸುಗ್ಗಿಯಿಲ್ಲ. ತೀರದ ಬಲೆಗಾರನಿಗೂ ಇದು ತಿಳಿಯದ ಮಾತಲ್ಲ. ಆದರೆ ತಾನು ಬಿಟ್ಟ ಮರಿಯನ್ನು ಪಕ್ಕದ ದೋಣಿಯವನು ಹಿಡಿದಾನೆಂಬ ಭಯ ಅವನ ಕೈಯನ್ನು ಮುಂದೆ ಮಾಡಿಸುತ್ತದೆ. ಆ ಭಯ ನೀಗುವವರೆಗೆ ಕಡಲ ತೊಟ್ಟಿಲನ್ನು ತೂಗುವ ಹೊಣೆ ಮಳೆಯೊಂದರ ಮೇಲೆಯೇ ಉಳಿದೀತು.