ಯೀಸ್ಟಿನ ಸೋಂಕು: ಗುಟ್ಟು ಬೇಡ, ಮದ್ದು ಬೇಕು

ಬ್ರೆಡ್ಡು ಉಬ್ಬುವುದೂ, ಈಚಲು ಮರದಿಂದ ಇಳಿಸಿದ ಸಿಹಿರಸ ಹೆಂಡವಾಗುವುದೂ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೆಲಸವೆಂಬುದು ಅನೇಕರಿಗೆ ತಿಳಿದ ವಿಷಯ. ಇದೇ ಬಗೆಯ ಕೆಲವು ಜೀವಿಗಳು ನಮ್ಮ ಮೈಯಲ್ಲಿಯೇ ಬಿಡಾರ ಹೂಡಿವೆಯೆಂದರೆ ಓದುಗರಿಗೆ ಸೋಜಿಗವಾದೀತು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಾನು ಈ ವಿಷಯಕ್ಕೆ ಕೈಹಾಕಲು ಕಾರಣವಿದೆ. ವಿದ್ಯಾರ್ಥಿನಿಲಯದಲ್ಲಿ ಒಬ್ಬಳಿಗೆ ಜ್ವರ ಬಂದರೆ ಕೋಣೆಗೆಲ್ಲ ತಿಳಿಯುತ್ತದೆ. ಆದರೆ ಈ ತುರಿಕೆಯ ಬೇನೆಯನ್ನು ಮಾತ್ರ ಪ್ರತಿಯೊಬ್ಬಳೂ ಗುಟ್ಟಾಗಿಯೇ ಅನುಭವಿಸುತ್ತಾಳೆ.

ಕ್ಯಾಂಡಿಡ ಎಂಬ ಯೀಸ್ಟ್ ಆರೋಗ್ಯವಂತರ ಬಾಯಿ, ಕರುಳು, ಯೋನಿಗಳಲ್ಲಿ ಸಹಜವಾಗಿಯೇ ಇರಬಹುದು. ಮಲಸೀಜಿಯ ಎಂಬುದು ಜಿಡ್ಡಿರುವ ಚರ್ಮದ ಮೇಲೆ ಬದುಕುತ್ತದೆ. ನೆರೆಯಲ್ಲಿರುವ ಬ್ಯಾಕ್ಟೀರಿಯಗಳೂ, ದೇಹದ ರೋಗನಿರೋಧಕ ಶಕ್ತಿಯೂ ಇವನ್ನು ಹದ್ದಿನಲ್ಲಿಟ್ಟಿರುತ್ತವೆ. ಆಂಟಿಬಯೋಟಿಕ್ ಸೇವನೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಗರ್ಭಧಾರಣೆ, ಸ್ಟೀರಾಯ್ಡ್ ಔಷಧ, ಸದಾ ಬೆವರು ಮತ್ತು ತೇವ—ಇವುಗಳಿಂದ ಸಮತೋಲ ಕೆಟ್ಟಾಗ ಯೀಸ್ಟ್ ಮಿತಿಮೀರಿ ಬೆಳೆಯುತ್ತದೆ. ಆದುದರಿಂದ ಈ ಸೋಂಕು ಕೊಳಕುತನದ ಗುರುತೂ ಅಲ್ಲ, ನಡತೆಗೆಟ್ಟುದರ ಫಲವೂ ಅಲ್ಲ.

ಇದರ ರೂಪಗಳು ಹಲವು. ಹಸುಳೆಯ ನಾಲಗೆಯ ಮೇಲೆ ಕೆನೆಗಟ್ಟಿದಂತೆ ಕಾಣುವ ಬಿಳುಪು ಒಂದು. ಸದಾ ನೀರಿನಲ್ಲಿ ಕೈಯಾಡಿಸುವವರ ಬೆರಳ ಸಂದು ಬಿಳಿಚಿ ಸುಲಿಯುವುದು ಇನ್ನೊಂದು. ಬೆನ್ನು, ಎದೆ, ಕತ್ತುಗಳ ಮೇಲೆ ಹರಡುವ ಸಿಬ್ಬು ಮಲಸೀಜಿಯದ ಕೆಲಸ. ಅದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಹೆಂಗಸರಲ್ಲಿ ಯೋನಿಯ ತುರಿಕೆ, ಉರಿ, ಒಡೆದ ಮೊಸರಿನಂತಹ ಬಿಳಿ ಸ್ರಾವ ಕಾಣಿಸಿಕೊಳ್ಳುತ್ತವೆ. ನಾಲ್ವರು ಹೆಂಗಸರಲ್ಲಿ ಸುಮಾರು ಮೂವರಿಗೆ ಬಾಳಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಇಷ್ಟು ಸಾಮಾನ್ಯವಾದುದಕ್ಕೆ ಇಷ್ಟೊಂದು ನಾಚಿಕೆಯೇಕೆ?

ಮದ್ದಿಗೆ ಕೊರತೆಯಿಲ್ಲ. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ನಿಸ್ಟಾಟಿನ್ ಎಂಬ ಔಷಧವನ್ನು ಪಡೆದುದನ್ನು ಪ್ರಕಟಿಸಿದರು. ಆ ರಾಜ್ಯದ ಹೆಸರೇ ಔಷಧದ ಹೆಸರಿಗೆ ಮೂಲ. ಅದರಿಂದ ಬಂದ ಹಣವನ್ನು ಅವರು ಸ್ವಂತಕ್ಕಿಟ್ಟುಕೊಳ್ಳದೆ ವಿಜ್ಞಾನ ಸಂಶೋಧನೆಗೆ ಬಿಟ್ಟುಕೊಟ್ಟರೆಂಬುದು ಸ್ಮರಣೀಯ. ಇಂದು ಬಾಯಿಯ ಸೋಂಕಿಗೆ ನಿಸ್ಟಾಟಿನ್ ಹನಿ, ಚರ್ಮಕ್ಕೂ ಯೋನಿಗೂ ಕ್ಲೋಟ್ರಿಮಜೋಲ್, ಸಿಬ್ಬಿಗೆ ಕೀಟೋಕೊನಜೋಲ್ ಇಲ್ಲವೆ ಸೆಲೆನಿಯಂ ಸಲ್ಫೈಡ್ ಬಳಕೆಯಲ್ಲಿವೆ. ಯೋನಿಯ ಸಾಮಾನ್ಯ ಸೋಂಕಿಗೆ 150 ಮಿಲಿಗ್ರಾಂ ಫ್ಲುಕೊನಜೋಲ್ ಮಾತ್ರೆ ಒಂದೇ ಸಾಲುವುದುಂಟು. ಗರ್ಭಿಣಿಯರಿಗೆ ಮಾತ್ರ ಅದು ತಕ್ಕುದಲ್ಲ, ಅವರಿಗೆ ಏಳು ದಿನಗಳ ಹಚ್ಚುವ ಮದ್ದೇ ಮೇಲು. ತುರಿಕೆ ನಿಂತಿತೆಂದು ಮದ್ದನ್ನು ನಡುವೆ ಬಿಡಬಾರದು. ಸಿಬ್ಬು ವಾಸಿಯಾದರೂ ಚರ್ಮದ ಬಣ್ಣ ಮರಳಲು ಕೆಲವು ತಿಂಗಳುಗಳೇ ಬೇಕು.

ಆದರೆ ರೋಗವನ್ನು ನಾವೇ ನಿರ್ಣಯಿಸಿಕೊಳ್ಳುವುದು ಅಪಾಯಕರ. ತಮಗೆ ಯೀಸ್ಟಿನ ಸೋಂಕೇ ಇದೆಯೆಂದು ನಂಬಿ ಅಂಗಡಿಯಿಂದ ಮದ್ದು ಕೊಂಡ 95 ಹೆಂಗಸರನ್ನು ಪರೀಕ್ಷಿಸಿ ಅಮೆರಿಕದಲ್ಲಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ಸುಮಾರು ಮೂರನೆಯ ಒಂದು ಪಾಲಿನವರಿಗೆ ಮಾತ್ರ ಅದೊಂದೇ ಸೋಂಕಿತ್ತು. ದುರ್ವಾಸನೆ, ಜ್ವರ, ಕಿಬ್ಬೊಟ್ಟೆಯ ನೋವು ಇದ್ದರೆ ಬೇರೆ ರೋಗವಿರಬಹುದು. ಸ್ಪರ್ಶಜ್ಞಾನವಿಲ್ಲದ ಬಿಳಿಚಿದ ಮಚ್ಚೆಯನ್ನು ಸಿಬ್ಬೆಂದು ಕಡೆಗಣಿಸಬಾರದು. ಅದು ಕುಷ್ಠದ ಸೂಚನೆಯಾಗಿರಬಹುದು. ವರ್ಷದಲ್ಲಿ ಮೂರು ನಾಲ್ಕು ಸಲ ಸೋಂಕು ಮರುಕಳಿಸಿದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು.

ಇನ್ನು ಸ್ಟೀರಾಯ್ಡ್ ಬೆರೆತ ಮುಲಾಮುಗಳ ಮಾತು. ಹಚ್ಚಿದೊಡನೆ ಕೆಂಪೂ ತುರಿಕೆಯೂ ಅಡಗುತ್ತವೆ. ಒಳಗೆ ಸೋಂಕು ಹಬ್ಬುತ್ತಲೇ ಇರುತ್ತದೆ. 2018ರಲ್ಲಿ ಭಾರತ ಸರ್ಕಾರವು ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಗೊತ್ತುಪಡಿಸಿತು. ಸ್ನೇಹಿತೆ ಕೊಟ್ಟಳೆಂದು ಅರ್ಧ ಬಳಸಿದ ಟ್ಯೂಬನ್ನು ಹಚ್ಚಿಕೊಳ್ಳುವ ಅಭ್ಯಾಸವನ್ನು ನಾವು ಬಿಡಬೇಕು.

ತಡೆಯುವ ಉಪಾಯಗಳು ಸುಲಭವಾದವು. ಮೈಯ ಸಂದುಗಳನ್ನು ಒರೆಸಿ ಒಣಗಿಸಿಕೊಳ್ಳಬೇಕು. ಸಡಿಲವಾದ ಹತ್ತಿಯ ಒಳಉಡುಪು ಒಳ್ಳೆಯದು. ಯೋನಿಯ ಒಳಭಾಗವನ್ನು ಸೋಪಿನಿಂದ ತೊಳೆಯಬಾರದು. ಶೀತದ ಜ್ವರಕ್ಕೆ ತಾವಾಗಿಯೇ ಆಂಟಿಬಯೋಟಿಕ್ ನುಂಗಬಾರದು. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಸೇದುವವರು ಸೇದಿದ ಬಳಿಕ ಬಾಯಿ ಮುಕ್ಕಳಿಸಬೇಕು.

ಮಳೆಗಾಲದಲ್ಲಿ ಅರೆಒಣಗಿದ ಬಟ್ಟೆಯನ್ನು ಉಡುವುದಂತೂ ಸಲ್ಲದು. ಆದರೆ ಒಳಉಡುಪನ್ನೂ ಮುಟ್ಟಿನ ಬಟ್ಟೆಯನ್ನೂ ಯಾರ ಕಣ್ಣಿಗೂ ಬೀಳದಂತೆ ಮಂಚದ ಕೆಳಗೆ ಹರವುವ ನಮಗೆ ಬಿಸಿಲು ಎಲ್ಲಿ ಸಿಗಬೇಕು? ವಿದ್ಯಾರ್ಥಿನಿಲಯದ ಮಾಳಿಗೆಯ ಮೇಲೆ ಬಿಸಿಲು ಬೀಳುವ ಒಂದು ಮೂಲೆಗೆ ತಡಿಕೆ ಕಟ್ಟಿಸಿ, ಒಂದು ಹಗ್ಗ ಹಾಕಿಸಿಕೊಟ್ಟರೆ ಖರ್ಚು ಅಲ್ಪ, ಉಪಕಾರ ದೊಡ್ಡದು. ಗುರುಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.